ಸಿಟ್ಟು ಸರಿ, ಅದು ಯಾರ ಮೇಲೆ?

ನಮಸ್ಕಾರ.

ನಿಮ್ಮ ಲೇಖನ ‘ನನ್ನ ಮೆಟ್ಸ್, ನನ್ನ ಗೋಳು’ ತಲುಪಿತು. 2017ರಲ್ಲಿ ನ್ಯೂಯಾರ್ಕ್ ಮೆಟ್ಸ್ ಬೇಸ್‌ಬಾಲ್ ತಂಡದ ಆಟಗಾರರು ಒಬ್ಬರ ಹಿಂದೊಬ್ಬರು ಗಾಯಗೊಂಡದ್ದು, ತಂಡ ನಡೆಸುವವರ ಮೇಲೆ ನಿಮಗೆ ಬಂದ ಕೋಪ: ವಿಷಯ ನಮಗೆ ಬೇಕಾದದ್ದೇ. ಆದರೆ ಈಗಿರುವ ರೂಪದಲ್ಲಿ ಹಾಕಲು ಆಗುವುದಿಲ್ಲ.

ಮೊದಲ ಎರಡು ಪುಟ ಬರೀ ಸಂಕಟ. ‘ಎದೆ ಒಡೆದುಹೋಯಿತು’ ಮೂರು ಸಲ, ‘ಅಭಿಮಾನಿಯ ಕಣ್ಣೀರು’ ಎರಡು ಸಲ. ‘ಈ ಸಲ ಕಪ್ ನಮ್ದೇ’ ಎಂದು ಹದಿನೇಳು ಸೀಸನ್ ಗಂಟಲು ಒಣಗಿಸಿಕೊಂಡ ಓದುಗರಿಗೆ ಇದನ್ನು ನೀವು ವಿವರಿಸಬೇಕಿಲ್ಲ. ಅವರಿಗೆ ಗೊತ್ತಿಲ್ಲದ್ದು ಬೇಸ್‌ಬಾಲ್ ತಂಡದಲ್ಲಿ ಯಾವ ನಿರ್ಧಾರ ಯಾರ ಕೈಯಲ್ಲಿರುತ್ತದೆ ಎನ್ನುವುದು. ನಿಮ್ಮ ಲೇಖನದಲ್ಲಿ ‘ಮ್ಯಾನೇಜ್‌ಮೆಂಟ್’ ಹನ್ನೊಂದು ಕಡೆ ಬರುತ್ತದೆ, ಒಂದು ಕಡೆಯೂ ಅದಕ್ಕೆ ಮುಖವಿಲ್ಲ. ಆಟಗಾರರನ್ನು ತರುವುದು, ಬಿಡುವುದು, ಗಾಯಾಳುಗಳ ಪಟ್ಟಿಗೆ ಸೇರಿಸುವುದು ಜನರಲ್ ಮ್ಯಾನೇಜರ್ ಪಾಲಿನ ಕೆಲಸ. ಆಗ ಸ್ಯಾಂಡಿ ಆಲ್ಡರ್ಸನ್. ಇವತ್ತು ಯಾರು ಆಡುತ್ತಾರೆ, ಪಿಚರ್‌ನನ್ನು (ಚೆಂಡೆಸೆಯುವವನನ್ನು) ಯಾವಾಗ ಹೊರಗೆ ಕರೆಯಬೇಕು ಎಂದು ತೀರ್ಮಾನಿಸುವವರು ಮ್ಯಾನೇಜರ್. ಆಗ ಟೆರ್ರಿ ಕಾಲಿನ್ಸ್. ಇದನ್ನು ಮೊದಲೇ ಹೇಳಿಬಿಡಿ. ಕ್ರಿಕೆಟ್ ನೋಡಿ ಬೆಳೆದವರು ‘ಮ್ಯಾನೇಜರ್’ ಎಂದರೆ ಹೋಟೆಲ್ ರೂಮು, ಬಸ್ಸು ನೋಡಿಕೊಳ್ಳುವವರು ಎಂದುಕೊಳ್ಳುತ್ತಾರೆ.

ಇನ್ನು ತಪ್ಪುಗಳು. ‘ಟಾಮಿ ಜಾನ್ ಎಂಬ ವೈದ್ಯರು ಕಂಡುಹಿಡಿದ ಆಪರೇಷನ್’ ಎಂದಿದ್ದೀರಿ. ಟಾಮಿ ಜಾನ್ ರೋಗಿ! ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಪಿಚರ್. 1974ರಲ್ಲಿ ಕತ್ತರಿ ಹಿಡಿದವರು ಡಾ. ಫ್ರ್ಯಾಂಕ್ ಜೋಬ್. ಮೊಣಕೈಯ ಒಳಮಗ್ಗುಲಲ್ಲಿ ತೋಳಿನ ಮೂಳೆಗೂ ಮುಂಗೈ ಮೂಳೆಗೂ ನಡುವೆ ಬಿಗಿದಿರುವ ಅಸ್ಥಿರಜ್ಜು ಹರಿದಾಗ, ಎರಡೂ ಮೂಳೆಗೆ ತೂತು ಕೊರೆದು ಬೇರೆ ಕಡೆಯಿಂದ ತೆಗೆದ ಸ್ನಾಯುರಜ್ಜನ್ನು ದಾರದಂತೆ ಪೋಣಿಸುತ್ತಾರೆ. ಸಾಮಾನ್ಯವಾಗಿ ಅದನ್ನು ತೆಗೆಯುವುದು ಮುಂಗೈಯಿಂದ. ಹೆಬ್ಬೆರಳಿಗೆ ಕಿರುಬೆರಳು ತಾಗಿಸಿ ಮಣಿಕಟ್ಟು ಸ್ವಲ್ಪ ಒಳಗೆ ಬಾಗಿಸಿದರೆ ನಡುವೆ ತಂತಿಯಂತೆ ಎದ್ದು ಕಾಣುತ್ತದಲ್ಲ, ಅದೇ. ಕೆಲವರಿಗೆ ಅದು ಹುಟ್ಟಿನಿಂದಲೇ ಇರುವುದಿಲ್ಲ. ಇಲ್ಲದಿದ್ದರೂ ಕೈ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಮತ್ತೆ ಪಂದ್ಯಕ್ಕೆ ಇಳಿಯಲು 12ರಿಂದ 18 ತಿಂಗಳು ಬೇಕು. ಜಾನ್ ಮರಳಿದ್ದು 1976ರಲ್ಲಿ. ಓದುಗರು ತಮ್ಮ ಕೈಯಲ್ಲೇ ನೋಡಿಕೊಳ್ಳಬಹುದಾದ ಇಂಥ ಒಂದು ವಿವರ ನಿಮ್ಮ ಮೂರು ‘ಎದೆ ಒಡೆತ’ಗಳಿಗಿಂತ ಗಟ್ಟಿ.

ಪಿಚರ್‌ಗಳ ಗಾಯಕ್ಕೆ ನೀವು ಕೊಟ್ಟ ಬುಮ್ರಾ ಹೋಲಿಕೆಯೂ ಕೂರುವುದಿಲ್ಲ. ಕ್ರಿಕೆಟ್‌ನಲ್ಲಿ ಚೆಂಡು ಬಿಡುವಾಗ ಮೊಣಕೈ 15 ಡಿಗ್ರಿಗಿಂತ ಹೆಚ್ಚು ನೆಟ್ಟಗಾಗುವಂತಿಲ್ಲ. ಹಾಗಾಗಿ ವೇಗದ ಬೌಲರ್‌ಗೆ ಹೊರೆ ಬೀಳುವುದು ಮುಖ್ಯವಾಗಿ ಸೊಂಟದ ಮೇಲೆ, ಊರುವ ಕಾಲಿನ ಮೇಲೆ. ಪಿಚರ್ ಮೊಣಕೈ ಮಡಚಿ, ತೋಳನ್ನು ಹಿಂದಕ್ಕೆ ತಿರುಚಿ, ಚಾಟಿಯಂತೆ ಬೀಸುತ್ತಾನೆ. ಅಮೆರಿಕದ ಅಗ್ರ ಬೇಸ್‌ಬಾಲ್ ಕೂಟವಾದ ಮೇಜರ್ ಲೀಗ್‌ನಲ್ಲಿ ಫಾಸ್ಟ್‌ಬಾಲ್‌ನ ಸರಾಸರಿ ವೇಗ 2008ರಲ್ಲಿ ಗಂಟೆಗೆ 91.3 ಮೈಲಿ ಇದ್ದದ್ದು 2024ಕ್ಕೆ 94.2 ಆಗಿದೆ. ಸ್ನಾಯು ಬೆಳೆಸಬಹುದು, ಅಸ್ಥಿರಜ್ಜನ್ನು ಹಾಗೆ ಬೆಳೆಸಲು ಬರುವುದಿಲ್ಲ. ಇದನ್ನು ಬರೆದರೆ ಎಲ್ಲ ಗಾಯಕ್ಕೂ ತಂಡವೇ ಹೊಣೆ ಎಂಬ ನಿಮ್ಮ ವಾದ ಸ್ವಲ್ಪ ಸಡಿಲವಾಗುತ್ತದೆ. ಆಗಲಿ.

ಒಂದು ಚಿಕ್ಕ ತಿದ್ದುಪಡಿ: ಗಾಯಾಳುಗಳ ಪಟ್ಟಿಗೆ ‘ಇಂಜರ್ಡ್ ಲಿಸ್ಟ್’ ಎಂಬ ಹೆಸರು ಬಂದದ್ದು 2019ರಲ್ಲಿ. ನಿಮ್ಮ ಕಥೆಯ ಕಾಲಕ್ಕೆ ಅದು ‘ಡಿಸೇಬಲ್ಡ್ ಲಿಸ್ಟ್’.

ಈಗ ನೀವು ಒಂದೇ ಸಾಲಿನಲ್ಲಿ ದಾಟಿಹೋದ ಜಾಗಕ್ಕೆ ಬರೋಣ. ‘ಏಪ್ರಿಲ್ ಕೊನೆಯಲ್ಲಿ ಸೆಸ್ಪೆಡೆಸ್, ಸಿಂಡರ್‌ಗಾರ್ಡ್ ಇಬ್ಬರೂ ಹೋದರು.’ ಲೇಖನ ಇರುವುದೇ ಇಲ್ಲಿ. ಬ್ಯಾಟರ್ ಯೋನಿಸ್ ಸೆಸ್ಪೆಡೆಸ್ ಅವರ ತೊಡೆಯ ಹಿಂಭಾಗದ ಸ್ನಾಯು ನೊಂದಿತ್ತು. ಪಟ್ಟಿಗೆ ಸೇರಿಸಲಿಲ್ಲ, ಬೆಂಚಿನಲ್ಲಿ ಕೂರಿಸಿದರು. ಪಟ್ಟಿಗೆ ಸೇರಿದವರು ಕನಿಷ್ಠ 15 ದಿನ ಹೊರಗಿರಬೇಕಿತ್ತು, ಅದನ್ನು 10 ದಿನಕ್ಕೆ ಇಳಿಸಿದ್ದೇ ಆ ವರ್ಷ. ಚಿಕ್ಕ ಗಾಯಕ್ಕೆ ಹೇಳಿ ಮಾಡಿಸಿದಂತಿತ್ತು. ಪಟ್ಟಿಗೆ ಸೇರಿಸದಿದ್ದರೆ ಆ ಜಾಗಕ್ಕೆ ಬೇರೆಯವರನ್ನು ಕರೆಸುವಂತಿರಲಿಲ್ಲ, ಆಗಿನ 25 ಜನರ ತಂಡ 24ರಲ್ಲೇ ಏಗಬೇಕಿತ್ತು. ಕೆಲವೇ ದಿನಕ್ಕೆ ಮತ್ತೆ ಆಡಿಸಿದರು. ಏಪ್ರಿಲ್ 27ಕ್ಕೆ ಓಡುವಾಗ ಅದೇ ಕಾಲು ಕೈಕೊಟ್ಟಿತು, ಈ ಬಾರಿ ವಾರಗಟ್ಟಲೆ.

ಅದೇ ದಿನ ಪಿಚರ್ ನೋವಾ ಸಿಂಡರ್‌ಗಾರ್ಡ್ ತೋಳು ನೋವೆಂದು ಪಂದ್ಯಕ್ಕೆ ಇಳಿಯಲೇ ಇಲ್ಲ. ಎಂಆರ್‌ಐ ಮಾಡಿಸಿ ಎಂದಾಗ ಬೇಡ ಎಂದರು. 30ರಂದು ವಾಷಿಂಗ್ಟನ್‌ನಲ್ಲಿ ಚೆಂಡು ಹಿಡಿದು ಬಂದವರು ಎರಡನೇ ಇನಿಂಗ್ಸ್ ಮುಗಿಸಲಿಲ್ಲ (ಬೇಸ್‌ಬಾಲ್ ಪಂದ್ಯಕ್ಕೆ ಒಂಬತ್ತು ಇನಿಂಗ್ಸ್); ಕಂಕುಳ ಹಿಂದಿನ ಬೆನ್ನ ಸ್ನಾಯು ಹರಿದಿತ್ತು. ಮತ್ತೆ ಪಂದ್ಯಕ್ಕಿಳಿದದ್ದು ಸೆಪ್ಟೆಂಬರ್ ಕೊನೆಗೆ.

‘ಎಂಆರ್‌ಐ ಮಾಡಿಸಿದ್ದರೆ ಎಲ್ಲ ತಪ್ಪುತ್ತಿತ್ತು’ ಎಂದು ನೀವು ಖಡಾಖಂಡಿತ ಬರೆದಿದ್ದೀರಿ. ಹೇಗೆ ಹೇಳುತ್ತೀರಿ? ನೋವೆಂದದ್ದು ತೋಳಿನಲ್ಲಿ, ಹರಿದದ್ದು ಬೆನ್ನಿನಲ್ಲಿ. ಆಟಗಾರನನ್ನು ಕಟ್ಟಿಹಾಕಿ ಯಂತ್ರದೊಳಗೆ ತಳ್ಳಲಾಗದು ಎಂಬ ಅರ್ಥದಲ್ಲಿ ಆಲ್ಡರ್ಸನ್ ಮಾತಾಡಿದ್ದರು. ಆ ಮಟ್ಟಿಗೆ ಅವರು ಹೇಳಿದ್ದು ಸರಿ. ಆದರೆ ಸ್ಕ್ಯಾನ್ ಒಲ್ಲೆ ಎನ್ನುವ ಹಕ್ಕು ಆಟಗಾರನದಾದರೆ, ಚೆಂಡು ಕೊಡೆವು ಎನ್ನುವ ಹಕ್ಕು ತಂಡದ್ದಲ್ಲವೇ? ನಿಮ್ಮ ಸಿಟ್ಟನ್ನು ಈ ಪ್ರಶ್ನೆಯ ಮೇಲೆ ನಿಲ್ಲಿಸಿ.

ಆಮೇಲೆ 2015ಕ್ಕೆ ಹಿಂತಿರುಗಿ ನೋಡಿ. ಸೀಸನ್ನಿನ ಫೈನಲ್ ಆದ ವರ್ಲ್ಡ್ ಸೀರೀಸ್‌ನ ಐದನೇ ಪಂದ್ಯ, ಮೆಟ್ಸ್ ಪಿಚರ್ ಮ್ಯಾಟ್ ಹಾರ್ವಿ ಎಂಟು ಇನಿಂಗ್ಸ್‌ನಲ್ಲಿ ಒಂದು ರನ್ ಕೊಟ್ಟಿಲ್ಲ, ಮೆಟ್ಸ್ 2–0 ಮುಂದೆ. ಕಾಲಿನ್ಸ್ ಸಾಕೆಂದರು, ಹಾರ್ವಿ ಒಪ್ಪಲಿಲ್ಲ, ಕಾಲಿನ್ಸ್ ಮಣಿದರು. ಒಂಬತ್ತನೇ ಇನಿಂಗ್ಸ್‌ನಲ್ಲಿ ಪಂದ್ಯ ಸಮವಾಯಿತು, ಹನ್ನೆರಡರಲ್ಲಿ ಕೈತಪ್ಪಿತು. ಮೊಣಕೈ ಆಪರೇಷನ್ನಿನಿಂದ ಮರಳಿದ ಮೊದಲ ವರ್ಷವೇ ಹಾರ್ವಿ ಎಸೆದದ್ದು ಒಟ್ಟು 216 ಇನಿಂಗ್ಸ್. ಹಾರ್ವಿ, ಸೆಸ್ಪೆಡೆಸ್, ಸಿಂಡರ್‌ಗಾರ್ಡ್: ಮೂರೂ ಸಲ ‘ನಾನು ಆಡಬಲ್ಲೆ’ ಎಂಬ ಮಾತಿನೆದುರು ಗಟ್ಟಿಯಾಗಿ ನಿಂತವರು ಇರಲಿಲ್ಲ. ನಿಮ್ಮ ಕೈಯಲ್ಲೇ ಇದ್ದ ಈ ಎಳೆಯನ್ನು ಬಿಟ್ಟು ಟ್ರೇನರ್‌ಗಳಿಗೆ ಶಾಪ ಹಾಕುತ್ತ ಒಂದು ಪುಟ ಕಳೆದಿದ್ದೀರಿ. ಹಾರ್ವಿಗೆ 2016ರಲ್ಲಿ ಭುಜದ ಬಳಿ ಆದ ಆಪರೇಷನ್‌ಗೆ ಆ 216 ಇನಿಂಗ್ಸ್ ಕಾರಣ ಎಂದು ಮಾತ್ರ ಬರೆಯಬೇಡಿ. ಅಂಕಿ ಕೊಟ್ಟು ಸುಮ್ಮನಿರಿ.

ಒಂಬೈನೂರು ಪದ ಮೀರದಿರಲಿ. ಬಾಲ್ಯದ ಪ್ಯಾರಾ ಬೇಡ, ‘ಕ್ರೀಡೆ ಎಂದರೆ ಬದುಕು’ ಎಂಬ ಕೊನೆಯ ಪ್ಯಾರಾ ಖಂಡಿತ ಬೇಡ. ಏಪ್ರಿಲ್ 30ರ ಪಂದ್ಯದಿಂದಲೇ ಶುರು ಮಾಡಿ. ಅವತ್ತು ಮೆಟ್ಸ್ 23–5ರಿಂದ ಸೋತಿತು, ಎದುರಾಳಿ ಆಂಥನಿ ರೆಂಡನ್ ಒಬ್ಬರೇ ಹತ್ತು ರನ್ ತಂದರು. ಪಿಚರ್‌ಗಳನ್ನು ಉಳಿಸಿಕೊಳ್ಳಲು ಕೊನೆಯ ಎರಡು ಇನಿಂಗ್ಸ್‌ಗೆ ಕ್ಯಾಚರ್ (ವಿಕೆಟ್‌ಕೀಪರ್‌ನಂತೆ ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವರು) ಕೆವಿನ್ ಪ್ಲಾವೆಕಿ ಅವರಿಂದ ಚೆಂಡೆಸೆಯಿಸಿದರು. ನಿಮ್ಮ ಲೇಖನದಲ್ಲಿ ಅದು ಇಲ್ಲವೇ ಇಲ್ಲ. ಸೇರಿಸಿ ಕಳಿಸಿ.