ಕೊಳೆರೋಗವೇ ನನ್ನನ್ನು ಲ್ಯಾಬಿಗೆ ಕರೆತಂದಿದ್ದು

"ವಿಜ್ಞಾನಿ ಆಗಬೇಕು ಅಂತ ನಿಮಗೆ ಯಾಕೆ ಅನ್ನಿಸಿತು? ಲ್ಯಾಬ್ ಬಿಟ್ಟು ಬೇರೆ ಬದುಕು ಇರುತ್ತಾ?" ಅಂತ ಕೇಳಿದ್ದೀರಿ. ಬಿಎಸ್ಸಿ ಎರಡನೇ ವರ್ಷದಲ್ಲಿದ್ದೀನಿ ಅಂತಲೂ ಬರೆದಿದ್ದೀರಿ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ನಾನು ಸಸ್ಯರೋಗ ವಿಜ್ಞಾನಿ. ಊರು ತೀರ್ಥಹಳ್ಳಿ ಹತ್ತಿರ, ಕೆಲಸ ಶಿವಮೊಗ್ಗದಲ್ಲಿ. ಅಡಿಕೆಯ ಕೊಳೆರೋಗದ ಮೇಲೆ ಹದಿನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ.

ನಮ್ಮದು ಒಂದೂವರೆ ಎಕರೆ ತೋಟ. ನಾನು ಏಳನೇ ಕ್ಲಾಸಿನಲ್ಲಿದ್ದ ವರ್ಷ ಪುಷ್ಯ ಮಳೆಯಲ್ಲಿ ಕಾಯಿ ಉದುರತೊಡಗಿತು. ಬೆಳಿಗ್ಗೆ ತೋಟಕ್ಕೆ ಇಳಿದರೆ ನೆಲದ ತುಂಬಾ ಹಸಿರು ಕಾಯಿ. ತೊಟ್ಟಿನ ಹತ್ತಿರ ನೀರು ಕುಡಿದಂಥ ಕಲೆ, ಮೇಲೆ ಹತ್ತಿಯಂಥ ಬಿಳಿ ಬೂಷ್ಟು. ಅಮ್ಮ ಮತ್ತು ನಾನು ಬುಟ್ಟಿಗಟ್ಟಲೆ ಹೆಕ್ಕಿ ತೋಟದ ಹೊರಗೆ ಹಾಕಿದೆವು. ಅಪ್ಪ ಔಷಧಿ ಹೊಡೆಸಿದ್ದರು. ಪಕ್ಕದ ತೋಟದವರೂ ಅದನ್ನೇ ಹೊಡೆಸಿದ್ದರು, ಅವರಲ್ಲಿ ಅಷ್ಟು ಉದುರಲಿಲ್ಲ. "ನಮ್ಮ ಹಣೆಬರಹ" ಅಂದರು ಅಪ್ಪ. ಅಕ್ಕನ ಪಿಯುಸಿ ಒಂದು ವರ್ಷ ಮುಂದಕ್ಕೆ ಹೋಯಿತು.

ನಮ್ಮಲ್ಲೇ ಯಾಕೆ ಹಾಗೆ ಉದುರಿತು ಅನ್ನೋದಕ್ಕೆ ಉತ್ತರ ಸಿಕ್ಕಿದ್ದು ಕಾಲೇಜಿನಲ್ಲಿ. ಅಪ್ಪ ಹೊಡೆಸಿದ ಔಷಧಿ ಬೋರ್ಡೋ ದ್ರಾವಣ. ಅದನ್ನು ಮಾಡೋದು ಗೊತ್ತಲ್ವಾ? ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ, ಒಂದು ಕೆಜಿ ಸುಣ್ಣ ಇನ್ನೊಂದು 50 ಲೀಟರಿನಲ್ಲಿ. ಆಮೇಲೆ ಎರಡನ್ನೂ ಬೆರೆಸಬೇಕು. ಉಜ್ಜಿ ಹೊಳಪು ಮಾಡಿದ ಚಾಕು ಅದ್ದಿದಾಗ ಕೆಂಪು ತಾಮ್ರ ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಇದನ್ನೆಲ್ಲ ಪಾಠ ಮಾಡಿದ ಮೇಷ್ಟ್ರು ಕೊನೆಗೆ ಒಂದು ಮಾತು ಹೇಳಿದರು: ಬೆರೆಸಿದ ದಿನವೇ ಹೊಡೆದು ಮುಗಿಸಿ. ಇಟ್ಟರೆ ಕಣಗಳು ದಪ್ಪವಾಗಿ ಕಾಯಿಗೆ ಅಂಟುವ ಗುಣ ಹೋಗುತ್ತದೆ, ಮಳೆಗೆ ತೊಳೆದುಹೋಗುತ್ತದೆ.

ನನಗೆ ಮೈ ಜುಮ್ಮೆಂದಿತು. ಆ ವರ್ಷ ಅರ್ಧ ತೋಟ ಮುಗಿಯುವಷ್ಟರಲ್ಲಿ ಮಳೆ ಹಿಡಿದು, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರ ಕೆಳಗೆ ಇಳಿದಿದ್ದ. ಉಳಿದ ದ್ರಾವಣವನ್ನು ಡ್ರಮ್ಮಿನಲ್ಲಿ ಮೂರು ದಿನ ಇಟ್ಟು ಹೊಡೆಸಿದ್ದೆವು. ಚೆಲ್ಲಲು ಮನಸ್ಸು ಬರಲಿಲ್ಲ, ದುಡ್ಡು ಕೊಟ್ಟು ತಂದಿದ್ದು. ಆ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಂಗಾರೆ ಹಣೆಬರಹ ಅಲ್ಲ ಅದು" ಅಂದರು. ಆ ಧ್ವನಿ ಕೇಳಿದ ಮೇಲೆ ಬೇರೆ ಕೆಲಸ ಹುಡುಕಬೇಕು ಅಂತ ನನಗೆ ಅನ್ನಿಸಲೇ ಇಲ್ಲ.

ಈ ದಾರಿಯಲ್ಲಿ ನಮಗಿಂತ ಮೊದಲು ನಡೆದವರಲ್ಲಿ ಒಬ್ಬರು ವಿಜ್ಞಾನಿ ಲೆಸ್ಲಿ ಕೋಲ್ಮನ್. ಕೆನಡಾದವರು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಆಗ ನಮ್ಮ ಕಡೆ ಮಳೆ ತಾಗದ ಹಾಗೆ ಅಡಿಕೆ ಗೊನೆಗಳಿಗೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುತ್ತಿದ್ದರು. ಫ್ರಾನ್ಸಿನ ದ್ರಾಕ್ಷಿ ತೋಟದ ಬೋರ್ಡೋ ದ್ರಾವಣವನ್ನು ಅಡಿಕೆಗೆ ಹೊಡೆಯೋದನ್ನು ಅವರು ತೋರಿಸಿಕೊಟ್ಟರು. ಇವತ್ತಿಗೂ ನಾವು ಅದನ್ನೇ ನಂಬಿದ್ದೇವೆ.

ನನಗೆ ಇನ್ನೂ ಬೇಸರ ಬಾರದ ನೋಟ ಒಂದಿದೆ. ಕೊಳೆ ತರುವ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ನೀರಿನಲ್ಲಿ ಈಜುತ್ತವೆ. ಒಂದೊಂದಕ್ಕೂ ಎರಡು ಬಾಲ. ಕಾಯಿ ಮೇಲೆ ನೀರಿನ ತೆಳು ಪೊರೆ ಇದ್ದರೆ ಸಾಕು. ಮಳೆ ಬಂದು, ಬಿಸಿಲು ಕಂಡು, ಮತ್ತೆ ಮಳೆ ಬಂದಾಗ ಕೊಳೆ ಜಾಸ್ತಿ ಅಂತ ಅಜ್ಜ ಹೇಳುತ್ತಿದ್ದರು. ಆ ಮಾತು ಸರಿಯೇ.

ಇನ್ನು ಹೊರಗಿನ ಬದುಕು. ಜುಲೈ, ಆಗಸ್ಟಿನಲ್ಲಿ ಭಾನುವಾರ ಅಂತ ಇಲ್ಲ. ರಾತ್ರಿ ಒಂಬತ್ತಕ್ಕೂ ರೈತರು ಕಾಯಿಯ ಫೋಟೊ ಕಳಿಸುತ್ತಾರೆ, ನೋಡದೆ ಮಲಗಲು ಆಗಲ್ಲ. ಮಗಳ ಹುಟ್ಟುಹಬ್ಬ ಅದೇ ಸಮಯದಲ್ಲಿ. ಎರಡು ಸಲ ನಾನು ತೋಟದಲ್ಲೇ ಇದ್ದೆ. ಅದು ಇವತ್ತಿಗೂ ನೋವು.

ಆದರೆ ತಾಳಮದ್ದಳೆಯೂ, ಅಂದರೆ ಕುಣಿತ ವೇಷವಿಲ್ಲದೆ ಕೂತು ಮಾತಿನಲ್ಲೇ ಆಡುವ ಯಕ್ಷಗಾನವೂ, ಮಳೆಗಾಲದ್ದೇ. ನಮ್ಮೂರ ಹೆಂಗಸರ ತಂಡದಲ್ಲಿ ನಾನು ಅರ್ಥ ಹೇಳುತ್ತೇನೆ. ವಾರಕ್ಕೊಂದು ಸಂಜೆ, ಹೊರಗೆ ಮಳೆ, ಒಳಗೆ ಚಂಡೆ ಮದ್ದಳೆ. ಅಂಗದನ ಮಾತು ಹುಡುಕುತ್ತಾ ಕೂತಾಗ ಬೂಷ್ಟು ನೆನಪಾಗುವುದೇ ಇಲ್ಲ. ಅದಿಲ್ಲದಿದ್ದರೆ ಹದಿನಾಲ್ಕು ವರ್ಷ ಈ ಕೆಲಸದಲ್ಲಿ ಉಳಿಯುತ್ತಿರಲಿಲ್ಲ.

ನಿಮ್ಮ ಕಡೆಯೂ ಅಡಿಕೆ ಇದ್ದರೆ ಹೀಗೆ ಮಾಡಿ. ಕೊಳೆ ಕಾಯಿಯ ಸಿಪ್ಪೆ ಚೂರನ್ನು ಎರಡು ದಿನ ನೀರಿನಲ್ಲಿಡಿ. ಆಮೇಲೆ ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟು ಹೊರಗೆ ತೆಗೆಯಿರಿ. ಅರ್ಧ ಗಂಟೆ ಬಿಟ್ಟು ಒಂದು ಹನಿಯನ್ನು ಕಾಲೇಜಿನ ಮೈಕ್ರೋಸ್ಕೋಪಿನಲ್ಲಿ ನೋಡಿ. ಈಜುವುದು ಕಂಡರೆ ಇಲ್ಲಿಯೇ ಬರೆದು ತಿಳಿಸಿ.