"ಬಂದೆ" ಎಂದು ಹೋದ ಕಾಕಾ

ಕಲಬುರಗಿಯ ಆ ಮನೆಯವರು ನನ್ನ ಬಳಿ ಬಂದಿದ್ದು ಮಗನ ಯುಡಿಐಡಿ ಕಾರ್ಡಿನ, ಅಂದರೆ ಅಂಗವಿಕಲರ ಗುರುತಿನ ಚೀಟಿಯ, ವಿಚಾರ ಕೇಳಲು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ವೈಕಲ್ಯಗಳಲ್ಲಿ ಅವನಿಗಿರುವ ಆಟಿಸಂ (ಮಾತು, ಬೆರೆಯುವ ರೀತಿ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ) ಕೂಡ ಒಂದು. ಅರ್ಜಿಯ ಮಾತು ಬೇಗ ಮುಗಿಯಿತು. ಏಳುವಾಗ ತಾಯಿ ಅಂದರು: "ಹೇಳಿದ್ದು ಒಂದೂ ಕೇಳಂಗಿಲ್ರಿ. ಸಂಜಿ ಆದ್ರ ಅಂಗಡಿ ಶಟರ್ ಹತ್ರ ನಿಂತು ತಲಿ ಬಡ್ಕೋತಾನ."

ಹುಡುಗನಿಗೆ 19 ವರ್ಷ. ಬಸು ಎನ್ನೋಣ, ಗುರುತು ಸಿಗುವ ಉಳಿದ ವಿವರಗಳನ್ನೂ ಬದಲಿಸಿದೆ. ಓದು ಬರಹ ಬರುತ್ತದೆ, ಮಾತಾಡುತ್ತಾನೆ, ಕಾಕಾನ ಕಿರಾಣಿ ಅಂಗಡಿಯಲ್ಲಿ ತೂಕ ಮಾಡುತ್ತಾನೆ. ಮನೆಯವರ ಪ್ರಕಾರ ಅವನ ರೋಗ ಒಂದೇ, ಹಠ. ಬೀದರ್, ಯಾದಗಿರಿ ಕಡೆಯಿಂದ ಬರುವವರೂ ಇದೇ ಪದ ಬಳಸುತ್ತಾರೆ.

ಮುಂದಿನ ಭೇಟಿಯಲ್ಲಿ ಮಾತಿನ ನಡುವೆ, ಜೊತೆಗೆ ಬಂದಿದ್ದ ಕಾಕಾನಿಗೆ ಫೋನ್ ಬಂತು. "ಬಂದೆ" ಎಂದು ಎದ್ದು ಹೊರಗೆ ಹೋದರು. ಬಸು ಬಾಗಿಲನ್ನೇ ನೋಡುತ್ತ ಕೂತ. ಬೆರಳುಗಳು ಒಂದನ್ನೊಂದು ಹಿಂಡತೊಡಗಿದವು. ತಾಯಿ ಒಂದರ ಹಿಂದೊಂದು ಕೇಳಿದರು: ಏನಾತು, ನೀರು ಬೇಕೇನು, ಯಾಕ ಹಂಗ ಮಾಡ್ತಿ. ಉತ್ತರವಿಲ್ಲ. ಅವರಿಗೆ ಸುಮ್ಮನಿರಲು ಸನ್ನೆ ಮಾಡಿ ಮನಸ್ಸಿನಲ್ಲೇ ಎಣಿಸತೊಡಗಿದೆ. ಎಂಟಕ್ಕೆ ಬಸು ಬಾಯಿ ಬಿಟ್ಟ.

"ಕಾಕಾ ಹೋದ. ಬಂದೆ ಅಂದ. ಬಂದಿಲ್ಲ."

ತಾಯಿಗೆ ನಗು ಬಂತು, ಅರ್ಧಕ್ಕೇ ನಿಂತಿತು. ಸಂಜೆ ಕಾಕಾ ಗಂಜಿಗೆ, ಅಂದರೆ ಸಗಟು ಮಾರುಕಟ್ಟೆಗೆ, ಮಾಲು ತರಲು ಹೊರಡುವಾಗಲೂ "ಬರ್ತೀನಿ" ಅನ್ನುತ್ತಾರೆ, ಒಂದೂವರೆ ತಾಸು ಬರುವುದಿಲ್ಲ. ಶಟರ್ ಹತ್ತಿರ ಹುಡುಗ ಕಾಯುತ್ತಿದ್ದ, ಅಷ್ಟೇ.

ನಮ್ಮ ಮಾತೇ ಹಾಗೆ ಕಟ್ಟಿದ್ದು. ಹೋಗುತ್ತೇನೆ ಅನ್ನುವುದು ಅಪಶಕುನ, ಆದ್ದರಿಂದ ಬರುತ್ತೇನೆ. ದೀಪ ಆರಿಸು ಅನ್ನಬಾರದು, ದೊಡ್ಡದು ಮಾಡು. ಬಾಗಿಲು ಹಾಕು ಅನ್ನುವುದಿಲ್ಲ, ಮುಂದೆ ಮಾಡು. ಉಳಿದವರು ದನಿ, ಮುಖ, ಸಂದರ್ಭ ನೋಡಿ ಒಳಗಿನ ಅರ್ಥ ಹಿಡಿಯುತ್ತಾರೆ. ಆಟಿಸಂ ಇರುವ ಅನೇಕರಿಗೆ ಪದ ಹೇಳಿದ್ದೇ ಅರ್ಥ. "ಕಣ್ಣು ಕಾಣಂಗಿಲ್ಲೇನು?" ಎಂದು ರೇಗಿದ ಗಿರಾಕಿಗೆ ಬಸು "ಕಾಣ್ತಾವ" ಎಂದು ಹೇಳಿ ಕಾಕಾನ ಕೈಲಿ ಏಟು ತಿಂದಿದ್ದ. ಅದು ಎದುರುಮಾತಲ್ಲ, ಕೇಳಿದ್ದಕ್ಕೆ ಉತ್ತರ.

"ಅವಗೇ ಕಲಸ್ರಿ, ನಾವ್ಯಾಕ ಬದಲಾಗಬೇಕು?" ಎಂದರು ಕಾಕಾ. ಕಲಿಸಬಹುದು. ಇಂಥ ಮಾತುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಎಡಕ್ಕೆ ಬರೆದು, ಬಲಕ್ಕೆ ನಿಜವಾದ ಅರ್ಥ ಬರೆಯಲು ಹೇಳಿದೆ, ಬಸು ಖುಷಿಯಿಂದ ಬರೆಯುತ್ತಿದ್ದಾನೆ. ಆದರೆ ಸಂಜೆ ಏಳಕ್ಕೆ, ಗಿರಾಕಿಗಳ ಗದ್ದಲ, ಫ್ಯಾನಿನ ಸದ್ದು, ಟ್ಯೂಬ್‌ಲೈಟಿನ ಮಿಣುಕಿನ ನಡುವೆ ಆ ಪಟ್ಟಿ ನೆನಪಿಗೆ ಬಾರದು. ಬದಲಾಗುವುದು ಯಾರಿಗೆ ಸುಲಭವೋ ಅವರೇ ಮೊದಲು ಬದಲಾಗಲಿ ಎಂಬುದು ನನ್ನ ನಿಲುವು. ತಾನೂ ಆಟಿಸ್ಟಿಕ್ ಆದ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಹೇಳಿದ್ದೂ ಇದರ ಹತ್ತಿರವೇ ಇದೆ: ಅರ್ಥವಾಗದಿರುವ ತೊಡಕು ಎರಡೂ ಕಡೆ ಇದೆ. ಬಸುವಿಗೆ ನಾವು ಅರ್ಥವಾಗದಷ್ಟೇ ನಮಗೆ ಅವನೂ ಅರ್ಥವಾಗಿಲ್ಲ.

ಶಕುನದ ಮಾತು ಬಿಡಲು ಅಜ್ಜಿ ಒಪ್ಪಲಿಲ್ಲ, ಬಿಡಬೇಕಾಗಿಯೂ ಇಲ್ಲ. "ಬರ್ತೀನಿ" ಜೊತೆಗೆ ಗಂಟೆ ಸೇರಿಸಿ: "ಗಂಜಿಗೆ ಹೋಗಿ ಎಂಟೂವರೆಗೆ ಬರ್ತೀನಿ." ಬಾಗಿಲ ಬಳಿಯ ಹಲಗೆಯ ಮೇಲೂ 8:30 ಎಂದು ಬರೆಯಿರಿ; ಬರೆದದ್ದು ಮತ್ತೆ ಮತ್ತೆ ನೋಡಲು ಸಿಗುತ್ತದೆ, ಮಾತು ಸಿಗುವುದಿಲ್ಲ. "ಆಮ್ಯಾಲೆ", "ನೋಡೋಣ", "ಸ್ವಲ್ಪ ತಡಿ" ಇವು ಅವನಿಗೆ ಉತ್ತರವೇ ಅಲ್ಲ.

ಕೆಲಸ ಹೇಳುವಾಗ ಮೊದಲು ಹೆಸರು, ಆಮೇಲೆ ಒಂದೇ ಕೆಲಸ. "ಬಸು, ತೊಗರಿಬ್ಯಾಳಿ ಅರ್ಧ ಕಿಲೋ ತೂಗು." ಹತ್ತು ಎಣಿಸುವವರೆಗೆ ಕಾಯಿರಿ. ತಾಯಿಯ ತಪ್ಪು ಇಲ್ಲೇ ಆಗುತ್ತಿತ್ತು: ಉತ್ತರ ಬರಲಿಲ್ಲವೆಂದು ಬೇರೆ ಪದಗಳಲ್ಲಿ ಕೇಳಿದರೆ ಅದು ಅವನಿಗೆ ಹೊಸ ಪ್ರಶ್ನೆ, ಎಣಿಕೆ ಮೊದಲಿಂದ. ಮತ್ತೆ ಕೇಳಲೇಬೇಕಾದರೆ ಅದೇ ಪದಗಳಲ್ಲಿ ಕೇಳಿ. "ಓಡಬ್ಯಾಡ" ಎಂದರೆ ಏನು ಮಾಡಬೇಕೆಂದು ಹೇಳಿದಂತಾಗಲಿಲ್ಲ. "ನಡೆದು ಹೋಗು" ಅನ್ನಿ. "ಏನ್ ತಿಂತಿ?" ಎಂದು ಕೇಳಿ ಸಿಕ್ಕಿಹಾಕಿಸುವ ಬದಲು "ರೊಟ್ಟಿನೋ, ಅನ್ನನೋ?" ಅನ್ನಿ. ಮುಖ ನೋಡಿ ಮಾತಾಡು ಎಂದು ಗದ್ದ ಹಿಡಿದೆತ್ತಬೇಡಿ. ಕಣ್ಣಿಗೆ ಕಣ್ಣು ಕೊಡುವ ಪ್ರಯಾಸದಲ್ಲೇ ಕೆಲವರಿಗೆ ಮಾತು ಕಿವಿಗೆ ಬೀಳುವುದಿಲ್ಲ.

ತಲೆ ಬಡಿದುಕೊಳ್ಳತೊಡಗಿದಾಗ ಪ್ರಶ್ನೆ, ಬುದ್ಧಿಮಾತು ಎರಡೂ ನಿಲ್ಲಲಿ. ಜನರನ್ನು ಆಚೆ ಕಳಿಸಿ, ಟ್ಯೂಬ್‌ಲೈಟ್ ಆರಿಸಿ, ಗೋಡೆಗೂ ತಲೆಗೂ ನಡುವೆ ದಿಂಬು ಹಿಡಿಯಿರಿ. ಹೊಡೆತ ಜೋರಿದ್ದರೆ ಅಥವಾ ಹೊಸದಾಗಿ ಶುರುವಾಗಿದ್ದರೆ ವೈದ್ಯರಿಗೆ ತೋರಿಸಿ. ಹಲ್ಲುನೋವು, ಕಿವಿನೋವು ಹೇಳಲಾಗದೆಯೂ ಹೀಗಾಗುತ್ತದೆ. ಮಾತೇ ಬಾರದವರಿಗೆ ಚಿತ್ರದ ಕಾರ್ಡು ಬೇಕು, ಅದು ಬೇರೆ ಕಥೆ.

ಮೂರನೇ ವಾರ ಕಾಕಾ ದೂರು ತಂದರು. ಎಂಟೂವರೆ ಎಂದು ಬರೆದು ಒಂಬತ್ತಕ್ಕೆ ಬಂದಿದ್ದರು, ಬಸು ಮತ್ತೆ ಬಡಿದುಕೊಂಡಿದ್ದ. ಹಾಗಾದರೆ ಒಂಬತ್ತೂಕಾಲು ಎಂದು ಬರೆಯಿರಿ ಎಂದೆ, ಅದಕ್ಕೂ ತಡವಾಗುವಂತಿದ್ದರೆ ಗಂಜಿನಿಂದಲೇ ಫೋನ್ ಮಾಡಿ ಹೊಸ ಗಂಟೆ ಹೇಳಿ, ಹಲಗೆಯ ಅಂಕಿಯನ್ನು ಅವನ ಕೈಲೇ ಅಳಿಸಿ ಬರೆಸಿ. ಇನ್ನೊಂದು ದೂರೂ ಇತ್ತು: "ಒಂದೆರಡು ನಿಂಬಿಹಣ್ಣು ಕೊಡು" ಅಂದವರನ್ನೆಲ್ಲ ಬಸು "ಒಂದೋ, ಎರಡೋ?" ಎಂದು ಕೇಳುತ್ತಾನಂತೆ. ಕೇಳಲಿ ಬಿಡ್ರಿ ಎಂದೆ.