ನಿಮ್ಮ ಲೇಖನದ ಕುದುರೆ ಎಲ್ಲಿ ಹೋಯ್ತು?

ಪ್ರಿಯ ಗೆಳೆಯರೆ,

ನೀವು ಕಳಿಸಿದ ‘ಭಾರತ–ರಷ್ಯಾ: ಐದು ಶತಮಾನಗಳ ಗೆಳೆತನ’ ಓದಿದೆ. ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಹಾಗಂತ ‘ವಿಷಾದಿಸುತ್ತೇವೆ’ ಅಂತ ಒಂದು ಸಾಲು ಬರೆದು ಕೈತೊಳೆದುಕೊಳ್ಳಲು ಮನಸ್ಸು ಬರಲಿಲ್ಲ. ನಿಮ್ಮ ಎರಡನೇ ಪುಟದಲ್ಲಿ ಒಂದು ಒಳ್ಳೆಯ ಲೇಖನ ಇದೆ. ನಿಮಗೇ ಗೊತ್ತಾಗದ ಹಾಗೆ ಅದು ಅಲ್ಲಿ ಬಂದು ಕೂತಿದೆ.

‘ಹಿಮದ ನಾಡು ರಷ್ಯಾ, ಬಿಸಿಲ ನಾಡು ಭಾರತ’ ಅಂತ ಶುರು ಮಾಡುತ್ತೀರಿ. ಆಮೇಲೆ ಹದಿನೈದನೇ ಶತಮಾನದಲ್ಲಿ ಬೀದರಿಗೆ ಬಂದ ರಷ್ಯನ್ ವ್ಯಾಪಾರಿ ಅಫನಾಸಿ ನಿಕಿತಿನ್‌ಗೆ ಎರಡು ಪ್ಯಾರಾ. ಅಲ್ಲಿಂದ ಒಂದೇ ನೆಗೆತಕ್ಕೆ ಟಾಲ್‌ಸ್ಟಾಯ್–ಗಾಂಧಿ ಪತ್ರಗಳು, ಭಿಲಾಯಿ ಉಕ್ಕಿನ ಕಾರ್ಖಾನೆ, 1971ರ ಒಪ್ಪಂದ, ರಾಕೇಶ್ ಶರ್ಮಾ, ಕೊನೆಗೆ ಕಚ್ಚಾ ತೈಲ. ಬಸ್ಸು ಯಾವ ನಿಲ್ದಾಣದಲ್ಲೂ ನಿಲ್ಲುವುದಿಲ್ಲ. ಇಳಿದು ನೋಡೋಣ ಅಂದುಕೊಳ್ಳುವಷ್ಟರಲ್ಲಿ ಮುಂದಿನ ಊರು ಬಂದಿರುತ್ತದೆ.

ನನ್ನ ಸಲಹೆ ಇಷ್ಟೇ. ನಿಕಿತಿನ್‌ನನ್ನು ಇಟ್ಟುಕೊಳ್ಳಿ, ಉಳಿದ ಎಲ್ಲವನ್ನೂ ತೆಗೆಯಿರಿ. ‘ಗೆಳೆತನ’ ಅನ್ನುವುದನ್ನೂ ತೆಗೆಯಿರಿ.

ಮೊದಲು ತಪ್ಪುಗಳನ್ನು ಮುಗಿಸಿಬಿಡೋಣ. ಅವನನ್ನು ‘ರಷ್ಯಾದ ತ್ಸಾರ್ ಕಳಿಸಿದ ರಾಯಭಾರಿ’ ಎಂದಿದ್ದೀರಿ. ಅಲ್ಲ. ತ್ಸಾರ್ ಅಂತ ಪಟ್ಟ ಕಟ್ಟಿಸಿಕೊಂಡವರಲ್ಲಿ ಮೊದಲನೆಯವನು ನಾಲ್ಕನೇ ಇವಾನ್, 1547ರಲ್ಲಿ. ನಿಕಿತಿನ್ ಹೊರಟದ್ದು ಅದಕ್ಕೂ ಸುಮಾರು ಎಂಬತ್ತು ವರ್ಷ ಮೊದಲು. ಅವನ ಊರು ತ್ವೆರ್ ಆಗ ಬೇರೆಯೇ ಸಂಸ್ಥಾನ, ಮಾಸ್ಕೋದ ಕೈಗೆ ಹೋದದ್ದು 1485ರಲ್ಲಿ. ಅವನನ್ನು ಯಾರೂ ಕಳಿಸಿರಲಿಲ್ಲ, ಅವನು ಬರೀ ವ್ಯಾಪಾರಿ. ‘ದಕ್ಷಿಣ ಭಾರತ ಕಂಡ ಮೊದಲ ಯುರೋಪಿಯನ್’ ಅನ್ನುವುದೂ ಸುಳ್ಳು. ಇಟಲಿಯ ವ್ಯಾಪಾರಿ ನಿಕೊಲೊ ಕೊಂಟಿ ಅವನಿಗಿಂತ ಎಷ್ಟೋ ಮುಂಚೆ ವಿಜಯನಗರ ನೋಡಿ ಹೋಗಿದ್ದ. ವಾಸ್ಕೋ ಡ ಗಾಮಾನಿಗಿಂತ ಮೊದಲು ಬಂದವನು ಅನ್ನಿ, ಅದು ಸರಿ, ಅಷ್ಟು ಸಾಕು. ಇನ್ನು ಅವನ ಪ್ರಯಾಣಕ್ಕೆ ನೀವು ಕೊಟ್ಟ 1466–72 ಹಳೆಯ ಲೆಕ್ಕ. ಆಮೇಲಿನ ಸಂಶೋಧಕರು 1468–74ರ ಸುಮಾರು ಅನ್ನುತ್ತಾರೆ. ಎರಡನ್ನೂ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ.

ಈಗ ಮುಖ್ಯ ವಿಷಯ. ‘ಭಾರತದ ಸೆಳೆತಕ್ಕೆ ಸಿಕ್ಕಿ ಹೊರಟ’ ಎಂದು ಬರೆದಿದ್ದೀರಿ. ಅವನು ಹೊರಟದ್ದು ಭಾರತಕ್ಕೇ ಅಲ್ಲ! ವೋಲ್ಗಾ ನದಿಯಲ್ಲಿ ದೋಣಿ ಕಟ್ಟಿಕೊಂಡು ಶಿರ್ವಾನ್‌ಗೆ, ಅಂದರೆ ಇವತ್ತಿನ ಅಜರ್‌ಬೈಜಾನ್ ಕಡೆಗೆ, ಸರಕು ಮಾರಲು ಹೊರಟ. ದಾರಿಯಲ್ಲಿ ಶಿರ್ವಾನ್‌ನ ರಾಯಭಾರಿ ಹಸನ್ ಬೇಗ್‌ನ ಜೊತೆ ಸೇರಿಕೊಂಡ. ಮಾಸ್ಕೋದ ದೊರೆ ಕೊಟ್ಟ 90 ಬೇಟೆ ಗಿಡುಗಗಳನ್ನು ಆ ರಾಯಭಾರಿ ತನ್ನ ರಾಜನಿಗೆ ಒಯ್ಯುತ್ತಿದ್ದ. ದೋಣಿ ಪ್ರಯಾಣದಲ್ಲಿ ತೊಂಬತ್ತು ಗಿಡುಗ! ಇಂಥ ವಿವರ ಕೈಯಲ್ಲಿದ್ದಾಗ ‘ಹಿಮದ ನಾಡು’ ಯಾಕೆ ಬೇಕು ನಿಮಗೆ?

ಅಸ್ತ್ರಾಖಾನ್ ಹತ್ತಿರ ತಾತಾರರು ದೋಣಿ ಲೂಟಿ ಮಾಡಿದರು. ಅವನ ಸಾಮಾನೆಲ್ಲ ಹೋಯಿತು. ಕ್ಯಾಸ್ಪಿಯನ್ ಕಡಲಿನಲ್ಲಿ ಬಿರುಗಾಳಿಗೆ ಇನ್ನೊಂದು ದೋಣಿ ಒಡೆಯಿತು. ಉಳಿದವರು ಶಿರ್ವಾನ್ ರಾಜನ ಹತ್ತಿರ ಹೋಗಿ, ಊರಿಗೆ ಮರಳಲು ಏನಾದರೂ ಕೊಡಿ ಅಂತ ಬೇಡಿಕೊಂಡರು. ನೀವು ತುಂಬ ಜನ ಇದ್ದೀರಿ ಅಂತ ಅವನು ಏನೂ ಕೊಡಲಿಲ್ಲ. ಅತ್ತು ಚದುರಿದರು. ರಷ್ಯಾದಲ್ಲಿ ಏನಾದರೂ ಆಸ್ತಿ ಇದ್ದವನು ರಷ್ಯಾಕ್ಕೆ ಹೋದ, ಸಾಲ ಇದ್ದವನು ಕಣ್ಣು ಕಂಡ ಕಡೆ ಹೋದ ಅಂತ ನಿಕಿತಿನ್ ಬರೆಯುತ್ತಾನೆ. ತಾನು ಬಾಕುವಿನ ಕಡೆ, ಆಮೇಲೆ ಪರ್ಷಿಯಾದ ಕಡೆ ನಡೆದ.

ಅವನಿಗೂ ಸಾಲ ಇತ್ತೋ ಏನೋ, ಬಾಯಿಬಿಟ್ಟು ಹೇಳುವುದಿಲ್ಲ. ನೀವೂ ಅವನ ಪರವಾಗಿ ಹೇಳಲು ಹೋಗಬೇಡಿ. ಆ ವಾಕ್ಯವನ್ನು ಓದುಗರ ಮುಂದೆ ಇಟ್ಟರೆ ಸಾಕು, ಅವರಿಗೆ ಅರ್ಥವಾಗುತ್ತದೆ. ನಿಮ್ಮ ಲೇಖನ ಶುರುವಾಗಬೇಕಾದ್ದು ಅಲ್ಲಿಂದ, ಕೈಯಲ್ಲಿ ಕಾಸಿಲ್ಲದೆ ಊರಿಗೆ ಮುಖ ತೋರಿಸಲಾಗದ ವ್ಯಾಪಾರಿಗಳಿಂದ.

ಮುಂದಿನದು ಕುದುರೆ. ಅದು ನಿಮ್ಮ ಲೇಖನದಲ್ಲಿ ಅರ್ಧ ವಾಕ್ಯದಲ್ಲಿ ಬಂದು ಮಾಯವಾಗುತ್ತದೆ. ಪರ್ಷಿಯಾ ಕೊಲ್ಲಿಯ ಬಂದರು ಹೊರ್ಮುಜ್‌ನಿಂದ ಕುದುರೆ ತಂದರೆ ದಖ್ಖನಿನಲ್ಲಿ ಒಳ್ಳೆಯ ಬೆಲೆ, ಬಹಮನಿಗಳಿಗೂ ವಿಜಯನಗರಕ್ಕೂ ಯುದ್ಧಕ್ಕೆ ಕುದುರೆ ಬೇಕೇ ಬೇಕು. ನಿಕಿತಿನ್ ಕೈಲಿದ್ದ ದುಡ್ಡನ್ನು ಒಂದೇ ಒಂದು ಗಂಡು ಕುದುರೆಗೆ ಸುರಿದು ಹಡಗು ಹತ್ತಿದ, ಕೊಂಕಣ ಕರಾವಳಿಯ ಚೌಲ್‌ನಲ್ಲಿ ಇಳಿದು ಪುಣೆ ಕಡೆಯ ಜುನ್ನಾರ್‌ಗೆ ಬಂದ. ಮಳೆಗಾಲ. ನಾಲ್ಕು ತಿಂಗಳು ಎಲ್ಲಿ ನೋಡಿದರೂ ನೀರು, ಕೆಸರು. ಇಲ್ಲಿ ಕುದುರೆಗೆ ಕಡಲೆ ತಿನ್ನಿಸುತ್ತಾರೆ, ಸಕ್ಕರೆ ಎಣ್ಣೆ ಹಾಕಿ ಕಿಚಡಿ ಬೇಯಿಸಿ ಹಾಕುತ್ತಾರೆ ಅಂತ ಬರೆದಿಟ್ಟಿದ್ದಾನೆ. ಆ ಖರ್ಚೆಲ್ಲ ಅವನ ಜೇಬಿನಿಂದಲೇ ಹೋಗುತ್ತಿತ್ತು.

ಅಲ್ಲಿನ ಖಾನನಿಗೆ ಇವನು ಮುಸ್ಲಿಮನಲ್ಲ ಅಂತ ಗೊತ್ತಾಗಿ ಕುದುರೆಯನ್ನು ಕಿತ್ತುಕೊಂಡ. ನಮ್ಮ ಧರ್ಮಕ್ಕೆ ಬಾ, ಕುದುರೆಯನ್ನೂ ಕೊಡುತ್ತೇನೆ, ಸಾವಿರ ಚಿನ್ನದ ನಾಣ್ಯವನ್ನೂ ಕೊಡುತ್ತೇನೆ. ಬರದಿದ್ದರೆ ಕುದುರೆಯೂ ಹೋಯಿತು, ಮೇಲೆ ಸಾವಿರ ದಂಡ. ನಾಲ್ಕು ದಿನ ಗಡುವು. ಅಷ್ಟರಲ್ಲಿ ಪರ್ಷಿಯಾ ಕಡೆಯ ಖುರಾಸಾನಿನ ಒಬ್ಬ ಖ್ವಾಜಾ, ಅಂದರೆ ಗಣ್ಯ, ಬಂದ, ಇವನು ಅವನ ಕಾಲು ಹಿಡಿದ. ಆ ಖ್ವಾಜಾ ಖಾನನ ಹತ್ತಿರ ಮಾತಾಡಿ ಕುದುರೆ ಬಿಡಿಸಿಕೊಟ್ಟ. ಖಾನನೂ ಮುಸ್ಲಿಂ, ಬಿಡಿಸಿಕೊಟ್ಟವನೂ ಮುಸ್ಲಿಂ. ಬರೆಯುವಾಗ ಇಬ್ಬರನ್ನೂ ಬಿಡಬೇಡಿ. ಒಬ್ಬನನ್ನು ಬಿಟ್ಟರೂ ಕತೆ ಬೇರೆಯವರ ಕೈಗೆ ಹೋಗುತ್ತದೆ, ಈಗಿನ ಕಾಲ ನಿಮಗೆ ಗೊತ್ತಲ್ವಾ.

ಅವನ ನಂಬಿಕೆಯ ವಿಷಯವನ್ನು ನೀವು ಮುಟ್ಟಿಯೇ ಇಲ್ಲ. ಲೂಟಿಯಲ್ಲಿ ಅವನ ಧರ್ಮದ ಪುಸ್ತಕಗಳೂ ಹೋಗಿದ್ದವು. ಈಸ್ಟರ್ ಯಾವತ್ತು ಅಂತ ಲೆಕ್ಕ ಹಾಕಲು ಆಗದೆ ಅಂದಾಜಿನಲ್ಲಿ ಉಪವಾಸ ಮಾಡುತ್ತಿದ್ದ. ಇಲ್ಲಿ ಅವನ ಹೆಸರು ಖ್ವಾಜಾ ಯೂಸುಫ್ ಖುರಾಸಾನಿ. ಹಿಂದೂಸ್ತಾನಕ್ಕೆ ಹೋಗುವ ಕ್ರೈಸ್ತ ಸೋದರರೆ, ನಿಮ್ಮ ನಂಬಿಕೆಯನ್ನು ರಷ್ಯಾದಲ್ಲೇ ಬಿಟ್ಟು ಬನ್ನಿ ಅಂತ ಕಹಿಯಾಗಿ ಬರೆಯುತ್ತಾನೆ. ಅವನ ಬರಹ ಮುಗಿಯುವುದು ಅರಬ್ಬೀ ಪ್ರಾರ್ಥನೆಯಲ್ಲಿ. ಅವನು ಕೊನೆಗೆ ಮತ ಬದಲಿಸಿದನೋ ಇಲ್ಲವೋ ಅಂತ ಪಂಡಿತರು ಇನ್ನೂ ಜಗಳ ಆಡುತ್ತಿದ್ದಾರೆ. ನೀವು ತೀರ್ಪು ಕೊಡಬೇಕಾಗಿಲ್ಲ, ಆದರೆ ಮುಚ್ಚಿಡುವುದೂ ಬೇಡ.

ಬೀದರ್ ಭಾಗವನ್ನು ಪೂರ್ತಿ ಹೊಸದಾಗಿ ಬರೆಯಬೇಕು. ‘ಗವಾನನ ಮದರಸಾ ಕಂಡು ಬೆರಗಾದ’ ಅಂದಿದ್ದೀರಿ, ಬಹಮನಿಗಳ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ್ದನ್ನು. ಅವನು ಹಾಗೆ ಬರೆದಿಲ್ಲ, ಅದು ನಿಮ್ಮ ಬೆರಗು. ಅವನು ಬರೆದದ್ದು ಅರಮನೆಯ ಏಳು ಬಾಗಿಲು, ಒಂದೊಂದು ಬಾಗಿಲಿಗೂ ನೂರು ಕಾವಲುಗಾರರು, ನೂರು ಗುಮಾಸ್ತರು, ಒಳಗೆ ಹೋದವರು ಹೊರಗೆ ಬಂದವರ ಲೆಕ್ಕ. ಸರದಾರರು ಬೆಳ್ಳಿಯ ಪಲ್ಲಕ್ಕಿಯಲ್ಲಿ ಮೆರೆಯುತ್ತಾರೆ, ಹಳ್ಳಿಯವರಿಗೆ ಏನೂ ಇಲ್ಲ ಅನ್ನುವುದನ್ನೂ ಬರೆದಿದ್ದಾನೆ. ಶಿವರಾತ್ರಿಗೆ ಜನರ ಜೊತೆ ಶ್ರೀಶೈಲಕ್ಕೂ ಹೋಗಿಬಂದ. ಎಲ್ಲಕ್ಕಿಂತ ಮೇಲಾಗಿ ಆಳಂದ. ಶೇಖ್ ಅಲಾವುದ್ದೀನರ ಗೋರಿಯ ಹತ್ತಿರ ಹತ್ತು ದಿನದ ಜಾತ್ರೆ, 20,000 ಕುದುರೆ ಮಾರಾಟಕ್ಕೆ ಬರುತ್ತವೆ ಅನ್ನುತ್ತಾನೆ. (ಅಂಕಿಯನ್ನು ಅವನ ಬಾಯಲ್ಲೇ ಹೇಳಿಸಿ, ನೀವು ಹೊಣೆ ಹೊರಬೇಡಿ.) ಅದೇ ಆಳಂದದಲ್ಲಿ ರಾತ್ರಿ ಹಾರಿ ಕೂಗುವ ಒಂದು ಹಕ್ಕಿ ಇದೆಯಂತೆ. ಯಾರ ಮನೆ ಮೇಲೆ ಕೂತರೆ ಆ ಮನೆಯಲ್ಲಿ ಸಾವು, ಕೊಲ್ಲಲು ಹೋದರೆ ಬಾಯಿಂದ ಬೆಂಕಿ. ನಮ್ಮ ಅಜ್ಜಿಯಂದಿರು ಗೂಬೆ ಬಗ್ಗೆ ಹೇಳುತ್ತಿದ್ದದ್ದು ತ್ವೆರ್‌ನ ವ್ಯಾಪಾರಿಯ ಟಿಪ್ಪಣಿಯಲ್ಲಿ ಕೂತಿದೆ! ಕಲಬುರಗಿ ಕಡೆಯ ಓದುಗರು ಇದನ್ನು ಬಿಡುತ್ತಾರಾ?

ಗೆಳೆತನ ಯಾಕೆ ಬೇಡ ಅಂದೆ ಅಂದರೆ, ಅವನ ತೀರ್ಮಾನವೇ ಬೇರೆ. ಬೇಕಾದಷ್ಟು ಸರಕು ಇದೆ ಅಂತ ನನಗೆ ಸುಳ್ಳು ಹೇಳಿದರು, ನಮ್ಮ ನಾಡಿಗೆ ಬೇಕಾದ್ದು ಇಲ್ಲಿ ಏನೂ ಇಲ್ಲ, ಮೆಣಸು ಬಣ್ಣ ಅಗ್ಗ, ಆದರೆ ಸುಂಕ ಜಾಸ್ತಿ, ಕಡಲಗಳ್ಳರು ಜಾಸ್ತಿ. ಇದು ಅವನ ಮಾತಿನ ಸಾರ. ರಷ್ಯಾದಂಥ ನಾಡು ಇನ್ನೊಂದಿಲ್ಲ ಅಂತ ಹಂಬಲಿಸುತ್ತಾನೆ, ಅಲ್ಲಿನ ಸರದಾರರು ನ್ಯಾಯವಂತರಲ್ಲ ಅಂತಲೂ ಸೇರಿಸುತ್ತಾನೆ. ಆ ಮಾತನ್ನು ತುರ್ಕಿ ಭಾಷೆಯಲ್ಲಿ ಬರೆದಿದ್ದಾನೆ! ಊರು ಮುಟ್ಟಲಿಲ್ಲ, ಸ್ಮೊಲೆನ್ಸ್ಕ್ ಹತ್ತಿರ ಸತ್ತ. ಟಿಪ್ಪಣಿಗಳನ್ನು ವ್ಯಾಪಾರಿಗಳು ಮಾಸ್ಕೋಗೆ ತಂದುಕೊಟ್ಟರು. ಆಮೇಲೆ ಶತಮಾನಗಳ ಕಾಲ ಅವು ಕಣ್ಣಿಗೆ ಬೀಳಲಿಲ್ಲ. 19ನೇ ಶತಮಾನದ ಆರಂಭದಲ್ಲಿ ಇತಿಹಾಸಕಾರ ಕರಮ್‌ಜಿನ್ ಒಂದು ಮಠದ ಗ್ರಂಥಾಲಯದಲ್ಲಿ ನೋಡಿದ.

ಗೆಳೆತನದ ಶಾಲು ಹೊದಿಸಿದ್ದು 1950ರ ದಶಕ. ನೆಹರು ಮಾಸ್ಕೋಗೆ ಹೋದದ್ದು, ಸೋವಿಯತ್ ನಾಯಕ ಕ್ರುಶ್ಚೇವ್ ಇಲ್ಲಿಗೆ ಬಂದದ್ದು 1955ರಲ್ಲಿ. ತ್ವೆರ್‌ನಲ್ಲಿ ಅವನ ಪ್ರತಿಮೆ ನಿಂತದ್ದೂ ಅದೇ ವರ್ಷ. 1957ಕ್ಕೆ ಎರಡೂ ದೇಶ ಸೇರಿ ಅವನ ಮೇಲೆ ಸಿನಿಮಾ ಮಾಡಿದವು. ನಿಮಗೆ ಇಪ್ಪತ್ತನೇ ಶತಮಾನ ಬೇಕೇ ಬೇಕು ಅಂತಿದ್ದರೆ ಇದೊಂದು ಪ್ಯಾರಾ ಬರೆಯಿರಿ. ಭಿಲಾಯಿ, ರಾಕೇಶ್ ಶರ್ಮಾ ಇನ್ನೊಂದು ಲೇಖನಕ್ಕೆ ಇರಲಿ.

ಭಾಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘ಅವಿನಾಭಾವ ಸಂಬಂಧ’ ನಾಲ್ಕು ಸಲ ಇದೆ, ನಾಲ್ಕನ್ನೂ ಹೊಡೆದುಹಾಕಿ. ಜುನ್ನಾರ್ ಭಾಗಕ್ಕೆ ಎರಡು ಪುಟ ಕೊಡಿ, ಒಟ್ಟು 1,500 ಪದ ಮೀರದಿರಲಿ. ಬೀದರ್ ಕೋಟೆಯ ಫೋಟೋ ನಮ್ಮಲ್ಲೇ ಇದೆ, ಕಳಿಸಬೇಡಿ. ಆಳಂದದ ದರ್ಗಾದ್ದು ನಿಮ್ಮ ಹತ್ತಿರ ಇದ್ದರೆ ಕಳಿಸಿ. ಮುಂದಿನ ತಿಂಗಳ ಕೊನೆಯೊಳಗೆ ಬಂದರೆ ಅದರ ಮುಂದಿನ ಸಂಚಿಕೆಗೆ ನೋಡೋಣ.

ಇಂತಿ,
ಸಂಪಾದಕ